20ನೇ ತಾರೀಖೂ ತಪ್ಪದ ಅಭ್ಯಾಸಗಳು

ನಮ್ಮ ಆಫೀಸಿನ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಹುಣ್ಣಿಮೆಗೆ ಬೆಲೆ ಇಲ್ಲ. ಇರುವುದು 11 ಮತ್ತು 20. 11ಕ್ಕೆ ಜಿಎಸ್‌ಟಿಆರ್-1, ಅಂದರೆ ಅಂಗಡಿಯ ಹಿಂದಿನ ತಿಂಗಳ ಮಾರಾಟದ ವಿವರ. 20ಕ್ಕೆ 3ಬಿ, ಅಂದರೆ ತೆರಿಗೆ ಲೆಕ್ಕ ಹಾಕಿ ಕಟ್ಟುವ ರಿಟರ್ನ್. ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಸಣ್ಣ ಪಾರ್ಟಿಗಳದ್ದು 13 ಮತ್ತು 22. ಜುಲೈ ಬಂದರೆ ಇನ್‌ಕಂ ಟ್ಯಾಕ್ಸ್, ಸೆಪ್ಟೆಂಬರ್ ಬಂದರೆ ಆಡಿಟ್ ಫೈಲುಗಳು. ದಾವಣಗೆರೆಯಲ್ಲಿ ಮನೆಯ ಮುಂದಿನ ಕೋಣೆಯನ್ನೇ ಆಫೀಸು ಮಾಡಿಕೊಂಡು, ನಾನು ಮತ್ತು ಇಬ್ಬರು ಹುಡುಗಿಯರು ಸುಮಾರು 90 ಅಂಗಡಿಗಳ ಲೆಕ್ಕ ನೋಡುತ್ತೇವೆ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತಲ್ಲ, ಅವತ್ತು ಕುರ್ಚಿ ಮೇಲೆ ಕೂತವಳು ಎದ್ದಿದ್ದು 2022ರಲ್ಲೇ ಅಂತ ನಮ್ಮ ಮನೆಯವರು ಈಗಲೂ ಅಂತಾರೆ.

ಎಬ್ಬಿಸಿದ್ದು ನಮ್ಮ ಅತ್ತೆಯ ರಕ್ತಪರೀಕ್ಷೆ. ಅವರಿಗೆ 71. ಕಾಲು ಜೋಮು ಹಿಡಿಯುತ್ತದೆ, ಶುಗರ್ ಇರಬಹುದು ಅಂತ ಲ್ಯಾಬಿಗೆ ಕರೆದುಕೊಂಡು ಹೋಗಿದ್ದೆ. ನಾನೂ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಹೇಗೂ ಬಂದಿದ್ದೀನಿ, ನನ್ನದೂ ಒಂದು ಆಗಿಬಿಡಲಿ ಅಂತ ಕೈ ಚಾಚಿದೆ. ಸಂಜೆ ಎರಡೂ ರಿಪೋರ್ಟ್ ಬಂದವು. ಅತ್ತೆಗೆ ಖಾಲಿ ಹೊಟ್ಟೆಯ ಶುಗರ್ 94. ನನಗೆ 118. ಹೆಸರು ಅದಲು ಬದಲಾಗಿದೆ ಅಂದುಕೊಂಡು ವಯಸ್ಸಿನ ಕಾಲಂ ಎರಡು ಸಲ ನೋಡಿದೆ. ಇಲ್ಲ, 44 ವರ್ಷದವಳಿಗೇ 118.

ಡಾಕ್ಟರು ಎಚ್‌ಬಿಎ1ಸಿ ಮಾಡಿಸಿ ಅಂದರು. 6.2 ಬಂತು. 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲ ಮೇಲೆ ನಿಂತ ಹಾಗೆ, 6.5 ಆದರೆ ಒಳಗೆ ಬಂದ ಹಾಗೆ. ಈ ಪರೀಕ್ಷೆ ನನಗೆ ತಕ್ಷಣ ಅರ್ಥವಾಯಿತು. ಖಾಲಿ ಹೊಟ್ಟೆಯ ಶುಗರ್ ಅಂದರೆ ಆ ಬೆಳಿಗ್ಗೆ ಗಲ್ಲಾಪೆಟ್ಟಿಗೆಯಲ್ಲಿ ಇದ್ದ ದುಡ್ಡು. ಎಚ್‌ಬಿಎ1ಸಿ ಅಂದರೆ ಕ್ವಾರ್ಟರ್ಲಿ ರಿಟರ್ನ್. ಹಿಂದಿನ ಸುಮಾರು ಮೂರು ತಿಂಗಳ ಲೆಕ್ಕ ಅದರಲ್ಲಿ ಇರುತ್ತದೆ. ಹಿಂದಿನ ದಿನ ಒಂದು ಹೊತ್ತು ಬಿಟ್ಟು ಯಾಮಾರಿಸೋಕೆ ಆಗಲ್ಲ.

"ಸದ್ಯಕ್ಕೆ ಮಾತ್ರೆ ಬೇಡ, ಆರು ತಿಂಗಳು ನೋಡೋಣ. ಸ್ವಲ್ಪ ಎದ್ದು ಓಡಾಡ್ರಿ" ಅಂದರು ಡಾಕ್ಟರು.

ಮೊದಲ ಎರಡು ತಿಂಗಳು ಎಲ್ಲರೂ ಮಾಡುವುದನ್ನೇ ಮಾಡಿದೆ. ಜಿಮ್ಮಿಗೆ ವರ್ಷದ ಫೀ ಕಟ್ಟಿದೆ. ಹೋಗಿದ್ದು 17 ದಿನ. ಬೆಳಿಗ್ಗೆ 5ಕ್ಕೆ ಅಲಾರಂ ಇಟ್ಟೆ. ರಾತ್ರಿ 12ಕ್ಕೆ ಮಲಗಿ 5ಕ್ಕೆ ಎದ್ದರೆ ಆರೋಗ್ಯ ಎಲ್ಲಿಂದ ಬರಬೇಕು? ದಿನಾ ನವಣೆ ಅನ್ನ ಮಾಡಿದೆ. ನಾಲ್ಕನೇ ದಿನ ಮಗಳು ತಟ್ಟೆ ಸರಿಸಿದಳು, ಆರನೇ ದಿನ ಮನೆಯವರು "ಹೊರಗೆ ತಿಂದು ಬಂದೆ" ಅಂದರು. ಮೊಬೈಲಿನಲ್ಲಿ 10,000 ಹೆಜ್ಜೆ ಎಣಿಸಿದೆ. ಆಮೇಲೆ ಗೊತ್ತಾಯ್ತು, ಈ ಹತ್ತು ಸಾವಿರ ಯಾವ ಡಾಕ್ಟರೂ ಬರೆದುಕೊಟ್ಟ ಸಂಖ್ಯೆಯಲ್ಲ. 1965ರ ಹೊತ್ತಿಗೆ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರಿನಿಂದ ಬಂದದ್ದಂತೆ. ನಾನು ಸುಮ್ನೆ ರಾತ್ರಿ ಹನ್ನೊಂದಕ್ಕೆ ಬಚ್ಚಲಿನ ಮುಂದೆ ನಿಂತಲ್ಲೇ ಹೆಜ್ಜೆ ಹಾಕುತ್ತಿದ್ದೆ.

ಇದೆಲ್ಲ ಮುರಿದು ಬಿದ್ದಿದ್ದು ಯಾವಾಗ ಅಂತ ಡೈರಿ ತೆಗೆದು ನೋಡಿದರೆ, ಪ್ರತಿ ಸಲವೂ 18, 19, 20ನೇ ತಾರೀಖು. ಆ ಮೂರು ದಿನದಲ್ಲಿ ತಪ್ಪಿದ್ದು 21ಕ್ಕೆ ವಾಪಸ್ ಬರುತ್ತಿರಲಿಲ್ಲ. ಹಾಗಾಗಿ ಒಂದು ನಿಯಮ ಹಾಕಿಕೊಂಡೆ. 20ನೇ ತಾರೀಖು ಮಾಡೋಕೆ ಆಗುವಂಥದ್ದನ್ನೇ ಉಳಿದ ದಿನವೂ ಮಾಡಬೇಕು. ಅದಕ್ಕಿಂತ ದೊಡ್ಡದು ಬೇಡವೇ ಬೇಡ.

ಮೊದಲು ಉಳಿದಿದ್ದು ಮಧ್ಯಾಹ್ನ ಊಟದ ಮೇಲಿನ ಹತ್ತು ನಿಮಿಷದ ನಡಿಗೆ. ಏಪ್ರಿಲ್ ಬಿಸಿಲಲ್ಲಿ ರಸ್ತೆಗೆ ಇಳಿದರೆ ತಲೆ ಸುತ್ತುತ್ತದೆ, ಹಾಗಾಗಿ ಮನೆಯೊಳಗೇ. ಪಡಸಾಲೆಯಿಂದ ಹಿತ್ತಲ ಬಾಗಿಲಿಗೆ 22 ಹೆಜ್ಜೆ. ಹೋಗಿ ಬಂದರೆ 44. ಇಪ್ಪತ್ತು ಸುತ್ತು ಆಗುವಷ್ಟರಲ್ಲಿ ಹತ್ತು ನಿಮಿಷ ಆಗಿರುತ್ತದೆ. ಊಟದ ನಂತರ ಶುಗರ್ ಏರುವ ಹೊತ್ತಿಗೇ ಕಾಲಿನ ಸ್ನಾಯುಗಳಿಗೆ ಕೆಲಸ ಕೊಟ್ಟರೆ ರಕ್ತದ ಸಕ್ಕರೆಯನ್ನು ಅವು ಬಳಸಿಕೊಳ್ಳುತ್ತವೆ ಅಂತ ಡಾಕ್ಟರು ಹೇಳಿದ್ದರು. ನನಗೆ ಗೊತ್ತಾಗಿದ್ದು ಬೇರೆ. ಮೂರು ಗಂಟೆಗೆ ಬರುತ್ತಿದ್ದ ತೂಕಡಿಕೆ ನಿಂತಿತು. ಅದಕ್ಕಾಗಿ ಕುಡಿಯುತ್ತಿದ್ದ ಒಂದು ಟೀ ತಾನಾಗೇ ಹೋಯಿತು.

ಎರಡನೆಯದು ಓಟಿಪಿ ನಡಿಗೆ. ನಮ್ಮ ಕೆಲಸದವರಿಗೆ ಇದು ಗೊತ್ತಿರುತ್ತದೆ. ರಿಟರ್ನ್ ಫೈಲ್ ಮಾಡುವಾಗ ಓಟಿಪಿ ಹೋಗುವುದು ಅಂಗಡಿ ಮಾಲೀಕರ ಮೊಬೈಲಿಗೆ. ಅವರು ಮದುವೆ ಮನೆಯಲ್ಲಿ ಇರುತ್ತಾರೆ, ಇಲ್ಲ ಫೋನು ಮಗನ ಕೈಯಲ್ಲಿ ಇರುತ್ತದೆ. 20ನೇ ತಾರೀಖು ಬೆಳಿಗ್ಗೆಯಿಂದ ರಾತ್ರಿವರೆಗೆ "ಓಟಿಪಿ ಬಂತೇನ್ರೀ? ಮೆಸೇಜ್ ನೋಡ್ರಿ. ಅದಲ್ಲ, ಅದು ಗ್ಯಾಸಿಂದು. ಇನ್ನೊಂದು ನೋಡ್ರಿ" ಇದೇ ಮಂತ್ರ. ಇದನ್ನೆಲ್ಲ ಕೂತೇ ಹೇಳುತ್ತಿದ್ದೆ. ಈಗ ಫೋನು ಕಿವಿಗೆ ಹೋದರೆ ನಾನು ಕುರ್ಚಿಯಲ್ಲಿ ಇರಬಾರದು. ಪಡಸಾಲೆಯಲ್ಲಿ ನಡೆಯುತ್ತಾ ಆರು ಅಂಕಿ ಜೋರಾಗಿ ಹೇಳುತ್ತೇನೆ, ಒಳಗೆ ಹುಡುಗಿ ಟೈಪ್ ಮಾಡುತ್ತಾಳೆ. ತಿಂಗಳಲ್ಲಿ ನಾನು ಅತಿ ಹೆಚ್ಚು ಕೂರುತ್ತಿದ್ದ ದಿನವೇ ಈಗ ಅತಿ ಹೆಚ್ಚು ನಡೆಯುವ ದಿನ.

ಇನ್ನು ಟೀ. ಊರವರ ಲೆಕ್ಕ ಬರೆಯುವವಳು ಒಂದು ದಿನ ನನ್ನದೇ ಲೆಕ್ಕ ಬರೆದೆ. ದಿನಕ್ಕೆ 6 ಟೀ, ಒಂದಕ್ಕೆ 2 ಟೀ ಚಮಚ ಸಕ್ಕರೆ. ಚಮಚಕ್ಕೆ 4 ಗ್ರಾಂ ಹಿಡಿದರೂ 48 ಗ್ರಾಂ. ದಿನಕ್ಕೆ 2,000 ಕ್ಯಾಲರಿ ತಿನ್ನುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮೇಲ್ಮಿತಿ 50 ಗ್ರಾಂ, 25ರೊಳಗೆ ಇದ್ದರೆ ಇನ್ನೂ ಒಳ್ಳೆಯದು ಅನ್ನುತ್ತದೆ. ಅಂದರೆ ಒಂದು ತುಣುಕು ಸಿಹಿಯನ್ನೂ ಬಾಯಿಗೆ ಹಾಕದೆ, ಬರೀ ಟೀಯಲ್ಲೇ ನನ್ನ ಕೋಟಾ ಮುಗಿಯುತ್ತಿತ್ತು. ಒಂದೇ ಸಲ ಬಿಟ್ಟರೆ ತಲೆನೋವು, ಸಿಡುಕು. ತಿಂಗಳಿಗೆ ಅರ್ಧ ಚಮಚದಂತೆ ಇಳಿಸಿದೆ. ಈಗ ಮೂರು ಟೀ, ಅರ್ಧರ್ಧ ಚಮಚ. ಸಂಜೆ 4ರ ಮೇಲೆ ಇಲ್ಲ. ಕುಡಿದ ಕೆಫೀನಿನ ಅರ್ಧ ಭಾಗ ಸುಮಾರು ಐದು ಗಂಟೆಯ ನಂತರವೂ ಮೈಯಲ್ಲೇ ಇರುತ್ತದಂತೆ. ಎಂಟು ಗಂಟೆಗೆ ಟೀ ಕುಡಿದು, ಹನ್ನೊಂದಕ್ಕೆ ನಿದ್ದೆ ಬರಲ್ಲ ಅಂತ ಫ್ಯಾನ್ ನೋಡುತ್ತಾ ಮಲಗಿದ್ದು ಎಷ್ಟು ವರ್ಷವೋ.

ಮಂಡಕ್ಕಿ ಮಿರ್ಚಿ ವಿಷಯ ಹೇಳದಿದ್ದರೆ ನಮ್ಮೂರವರು ಬಿಡಲ್ಲ. ಸಂಜೆ ಐದೂವರೆಗೆ ಒಂದು ಪೊಟ್ಟಣ ಖಾರ ಮಂಡಕ್ಕಿ, ಆರು ಬಿಸಿ ಮಿರ್ಚಿ ಆಫೀಸಿಗೆ ಬರುತ್ತಿತ್ತು. ಇದನ್ನು ಪೂರ್ತಿ ಬಿಡು ಅಂದರೆ ಊರೇ ಬಿಡಬೇಕಾಗುತ್ತದೆ. ಶನಿವಾರಕ್ಕೆ ಇಟ್ಟುಕೊಂಡೆ. ಉಳಿದ ದಿನ ಟೇಬಲ್ ಮೇಲೆ ಶೇಂಗಾ, ಪುಠಾಣಿ ಡಬ್ಬಿ. ಶನಿವಾರದ ಮಿರ್ಚಿ ಎಷ್ಟು ರುಚಿ ಗೊತ್ತಾ? ದಿನಾ ತಿನ್ನುವಾಗ ಅದನ್ನು ಗಮನಿಸಿಯೇ ಇರಲಿಲ್ಲ. ಒಂದು ಕೈಯಲ್ಲಿ ಮಿರ್ಚಿ, ಇನ್ನೊಂದರಲ್ಲಿ ಮೌಸು, ಅಷ್ಟೇ.

ಊಟದಲ್ಲಿ ಪದಾರ್ಥ ಬದಲಿಸಲಿಲ್ಲ, ಸರದಿ ಬದಲಿಸಿದೆ. ಮೊದಲು ಸೌತೆಕಾಯಿ, ಮೂಲಂಗಿ, ಹಸಿ ಮೆಂತ್ಯ ಸೊಪ್ಪು. ಆಮೇಲೆ ಪಲ್ಯ, ಕಾಳು. ಕೊನೆಗೆ ರೊಟ್ಟಿ, ಸ್ವಲ್ಪ ಅನ್ನ ಸಾರು. ಹೀಗೆ ತಿಂದರೆ ಸಕ್ಕರೆ ಏರುವುದು ನಿಧಾನ. ಅತ್ತೆ ಮೊದಲ ದಿನ ನನ್ನ ತಟ್ಟೆಯನ್ನೇ ನೋಡುತ್ತಾ ಕೂತಿದ್ದರು. "ಪಲ್ಯ ಎಲ್ಲ ಬರೇ ಬಾಯಿಗೆ ತಿಂದ್ರೆ ರೊಟ್ಟಿಗೆ ಏನು ಹಚ್ಕಂತೀಯವ್ವಾ?" ಅಂದರು. ಅದೂ ನ್ಯಾಯವೇ. ಈಗ ಪಲ್ಯ ಒಂದು ಪಾವು ಜಾಸ್ತಿ ಮಾಡುತ್ತೇವೆ. ಅನ್ನದ ಸೌಟು ಮಾತ್ರ ಚಿಕ್ಕದು ತಂದೆ. ಎರಡು ಸೌಟು ಬಡಿಸಿಕೊಂಡೆ ಅನ್ನುವ ಸಮಾಧಾನವೂ ಇರುತ್ತದೆ, ಹಳೆಯ ಒಂದು ಸೌಟಿನಷ್ಟೇ ಆಗಿರುತ್ತದೆ.

ಇಷ್ಟೆಲ್ಲ ಮಾಡಿದರೂ ರಾತ್ರಿ ನನ್ನ ಕೈಯಲ್ಲಿ ಇರಲಿಲ್ಲ. ಹತ್ತೂವರೆಗೆ ಫೋನು. "ಮೇಡಂ, ಒಂದು ಬಿಲ್ಲು ಹಾಕೀನಿ ವಾಟ್ಸಾಪಿಗೆ, ನೋಡ್ರಿ." ನೋಡಿದರೆ ಒಂದಲ್ಲ, ನಲವತ್ತು ಬಿಲ್ಲು. ಅರ್ಧದ ಮೇಲೆ ಫೋಟೋದಲ್ಲಿ ಬೆರಳು. ಬಹಳ ದಿನ ಇದನ್ನು ನನ್ನ ಶಿಸ್ತಿನ ಸಮಸ್ಯೆ ಅಂದುಕೊಂಡಿದ್ದೆ. ಫೋನ್ ಬದಿಗಿಡು, ಧ್ಯಾನ ಮಾಡು, ಉಸಿರಾಟ ಗಮನಿಸು ಅಂತೆಲ್ಲ ಹೇಳುವವರು ಹೇಳುತ್ತಿದ್ದರು. ಆದರೆ ನಲವತ್ತು ಬಿಲ್ಲು ತಲೆಯಲ್ಲಿ ಇದ್ದಾಗ ಉಸಿರಾಟ ಗಮನಿಸಿದರೆ ಉಸಿರು ಕಟ್ಟುತ್ತದೆ ಅಷ್ಟೇ. ಸಮಸ್ಯೆ ಇದ್ದದ್ದು ಬಿಲ್ಲು ಬರುವ ತಾರೀಖಿನಲ್ಲಿ. ತಿಂಗಳ ಕೆಲಸದ ಮುಕ್ಕಾಲು ಪಾಲು ಗಡುವಿನ ಕೊನೆಯ ನಾಲ್ಕು ದಿನಕ್ಕೆ ಬಂದು ಬೀಳುತ್ತಿತ್ತು, ಯಾಕೆಂದರೆ ತಡವಾಗಿ ಕೊಟ್ಟವರಿಗೂ ಬೇಗ ಕೊಟ್ಟವರಿಗೂ ನಾನು ಒಂದೇ ಫೀ ತಗೊಳ್ಳುತ್ತಿದ್ದೆ.

ಒಂದು ಚೀಟಿ ಪ್ರಿಂಟ್ ಮಾಡಿಸಿದೆ. 5ನೇ ತಾರೀಖಿನೊಳಗೆ ಬಿಲ್ಲು ಕೊಟ್ಟವರ ಕೆಲಸ ಮೊದಲು. 8ರ ನಂತರ ಕೊಟ್ಟರೆ 200 ರೂಪಾಯಿ ಜಾಸ್ತಿ. ರಾತ್ರಿ 8ಕ್ಕೆ ಆಫೀಸ್ ಫೋನ್ ಬಂದ್, 10, 11, 19, 20 ಈ ನಾಲ್ಕು ದಿನ ಮಾತ್ರ 10ರವರೆಗೆ. ಚೀಟಿ ಕೊಡುವಾಗ ಕೈ ನಡುಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಬೈದವರಿದ್ದಾರೆ. "ದಿನಕ್ಕೆ 50 ರೂಪಾಯಿ ಲೇಟ್ ಫೀ ಸರ್ಕಾರಕ್ಕೆ ಕಟ್ತೀವಿ, ನಿಮಗೂ ಕಟ್ಟಬೇಕಾ?" ಅಂದರು ಒಬ್ಬರು. ಎರಡು ಪಾರ್ಟಿ ಫೈಲು ತಗೊಂಡು ಹೋದವು. ಒಬ್ಬರು ಒಳ್ಳೆ ಫೀ ಕೊಡುತ್ತಿದ್ದವರು, ಅವರ ಅಂಗಡಿ ಮುಂದೆ ಹೋದಾಗ ಇವತ್ತಿಗೂ ಹೊಟ್ಟೆ ಚುರ್ ಅನ್ನುತ್ತದೆ. ಉಳಿದವರು ಎರಡು ಮೂರು ತಿಂಗಳಲ್ಲಿ ಹೊಂದಿಕೊಂಡರು. ಆ 200 ರೂಪಾಯಿ ನನಗೆ ಸಿಗುವುದು ಈಗ ಏಳೆಂಟು ಜನರಿಂದ ಮಾತ್ರ. ನನ್ನ ಆರೋಗ್ಯಕ್ಕೆ ಅತಿ ಜಾಸ್ತಿ ಉಪಯೋಗ ಆಗಿದ್ದು ಯಾವುದು ಅಂತ ಕೇಳಿದರೆ ನಾನು ನಡಿಗೆಯನ್ನೂ ಹೇಳಲ್ಲ, ಪಲ್ಯವನ್ನೂ ಹೇಳಲ್ಲ. ಈ ಚೀಟಿಯನ್ನೇ ತೋರಿಸುತ್ತೇನೆ.

ನನ್ನ ಸ್ವಂತ ಫೋನು ರಾತ್ರಿ ಅಡುಗೆ ಮನೆಯಲ್ಲಿ ಮಿಕ್ಸಿ ಪಕ್ಕ ಮಲಗುತ್ತದೆ. ಅಲಾರಂ ಬೇಕಲ್ಲ ಅನ್ನುವ ನೆಪ ಇತ್ತು, 250 ರೂಪಾಯಿಯ ಟೇಬಲ್ ಗಡಿಯಾರ ತಂದ ಮೇಲೆ ಅದೂ ಹೋಯಿತು. ಹತ್ತೂವರೆ, ಹನ್ನೊಂದಕ್ಕೆ ನಿದ್ದೆ. ಆರಕ್ಕೆ ಎಚ್ಚರ. ಐದರ ಗೊಡವೆ ಬಿಟ್ಟಿದ್ದೇನೆ.

ಭಾನುವಾರ ಬೆಳಿಗ್ಗೆ ಮನೆಯವರ ಜೊತೆ ಕುಂದವಾಡ ಕೆರೆ. ಒಂದು ಗಂಟೆ. ಮೊದಮೊದಲು ಹಾಲು, ಗ್ಯಾಸು, ಮಗಳ ಫೀ ಬಿಟ್ಟರೆ ಮಾತಾಡೋಕೆ ಏನೂ ಇರಲಿಲ್ಲ. ಇಬ್ಬರೂ ಸುಮ್ಮನೆ ನೀರುಕಾಗೆ ನೋಡುತ್ತಿದ್ದೆವು. ಈಗ ಮಾತು ಬರುತ್ತದೆ, ಜಗಳವೂ ಅಲ್ಲೇ ಆಗುತ್ತದೆ. ಮನೆಯಲ್ಲಿ ಅತ್ತೆ ಮುಂದೆ ಆಗುವುದಕ್ಕಿಂತ ಅದು ವಾಸಿ.

ಸಲೀಸಾಗಿ ಬಂತು ಅಂದುಕೊಳ್ಳಬೇಡಿ. 2023ರ ಸೆಪ್ಟೆಂಬರಿನಲ್ಲಿ ಆಡಿಟ್ ಫೈಲುಗಳ ನಡುವೆ ಮನೆಯಲ್ಲಿ ಒಂದು ಮದುವೆ ಬಂತು. ಮೂರು ವಾರ ಎಲ್ಲವೂ ನಿಂತಿತು. ತೂಕ ಎರಡು ಕೆಜಿ ಏರಿತು. ಅಕ್ಟೋಬರಿನಲ್ಲಿ ಎಲ್ಲವನ್ನೂ ಒಟ್ಟಿಗೆ ಹಿಡಿಯೋಕೆ ಹೋಗದೆ ಮಧ್ಯಾಹ್ನದ ಇಪ್ಪತ್ತು ಸುತ್ತು ಮಾತ್ರ ಶುರು ಮಾಡಿದೆ. ಉಳಿದವು ಒಂದೊಂದಾಗಿ ಅದರ ಹಿಂದೆ ಬಂದವು. ತೂಕ ಎತ್ತುವ ವ್ಯಾಯಾಮ ಮಾತ್ರ ಇನ್ನೂ ಬಾಕಿ ಖಾತೆಯಲ್ಲೇ ಇದೆ. ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಬಲ ಬರುವಂಥದ್ದು ಮಾಡಬೇಕಂತೆ. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಏಳುವುದು, ಕೂರುವುದು ಬಿಟ್ಟರೆ ನನ್ನಿಂದ ಏನೂ ಆಗಿಲ್ಲ.

ಮೊನ್ನೆಯ ರಿಪೋರ್ಟಿನಲ್ಲಿ ಎಚ್‌ಬಿಎ1ಸಿ 5.8. ಹೊಸ್ತಿಲ ಮೇಲೇ ಇದ್ದೇನೆ, ಆದರೆ ಈಗ ಮುಖ ಹೊರಗಡೆಗೆ. ಸೊಂಟದ ಸುತ್ತಳತೆ 93 ಇದ್ದದ್ದು 87 ಸೆಂಟಿಮೀಟರ್. ನಮ್ಮ ದೇಶದ ಹೆಂಗಸರಿಗೆ 80ರೊಳಗೆ ಇರಲಿ ಅಂತಾರೆ, ಅದು ಇನ್ನೂ ದೂರ. ಅತ್ತೆಯ ಶುಗರ್ ಈಗಲೂ ನನಗಿಂತ ಕಡಿಮೆ, ಅದನ್ನು ಅವರು ಬಂದವರಿಗೆಲ್ಲ ಹೇಳುತ್ತಾರೆ.

ಹಾರ್ಡ್‌ವೇರ್ ಅಂಗಡಿಯ ಅಣ್ಣ ಒಬ್ಬರಿದ್ದಾರೆ. ಚೀಟಿ ಕೊಟ್ಟಾಗ ಮುಖ ಗಂಟು ಹಾಕಿದ್ದವರು. ಹೋದ ತಿಂಗಳು 20ಕ್ಕೆ ಓಟಿಪಿಗೆ ಫೋನ್ ಮಾಡಿದೆ. ನನ್ನ ಚಪ್ಪಲಿ ಸದ್ದು ಅವರಿಗೆ ಕೇಳಿಸಿರಬೇಕು.

"ಮೇಡಂ, ಎಷ್ಟನೇ ಸುತ್ತು ಈಗ?"

"ಮೂವತ್ತೊಂದು."

"ತಡೀರಿ, ನಾನೂ ಅಂಗಡಿಯಿಂದ ಹೊರಗೆ ಬರ್ತೀನಿ" ಅಂದರು. ಶಟರ್ ಪಕ್ಕ ಸ್ಕೂಟರ್ ಹಾರನ್ ಕೇಳಿಸಿತು. "ಹಾಂ, ಬರ್ಕೊಳ್ರಿ. ಐದು, ಸೊನ್ನೆ, ಎರಡು..."