ವ್ಯಾನ್ ಕಾಕಾ 300 ರೂಪಾಯಿ ಜಾಸ್ತಿ ಕೇಳಿದರೆ ಏನು ಮಾಡಬೇಕು

ರಾತ್ರಿ ಹತ್ತೂವರೆಗೆ ನಮ್ಮ ಪಾಲಕರ ಗ್ರೂಪಿಗೆ ಮಕ್ಕಳ ಶಾಲಾ ವ್ಯಾನ್ ಓಡಿಸುವ ಕಾಕಾನ ಮೆಸೇಜ್ ಬಂತು. "ಸಿಎನ್‌ಜಿ ಐದು ರೂಪಾಯಿ ಏರಿದೆ, ಮುಂದಿನ ತಿಂಗಳಿಂದ ಒಬ್ಬೊಬ್ಬರಿಗೆ 300 ಜಾಸ್ತಿ." ಕೆಳಗೆ ಕೈ ಮುಗಿಯುವ ಎಮೋಜಿ ಎರಡು. ಹನ್ನೊಂದರೊಳಗೆ ಗ್ರೂಪ್ ಎರಡು ಪಾಲಾಯಿತು. ಅರ್ಧ ಜನ "ಲೂಟಿ" ಅಂದರು, ಉಳಿದವರು "ಕೊಟ್ಟುಬಿಡೋಣ, ನಾಳೆ ವ್ಯಾನ್ ಬರದಿದ್ದರೆ ಯಾರು ಬಿಡ್ತಾರೆ" ಅಂದರು. ನಾನೂ ಖಾರವಾಗಿ ಏನೋ ಟೈಪ್ ಮಾಡಿ ಅಳಿಸಿದೆ.

ನಿಮಗೂ ಇಂಥ ಮೆಸೇಜ್ ಬಂದರೆ ಆ ರಾತ್ರಿ ಏನೂ ಉತ್ತರಿಸಬೇಡಿ. ಮರುದಿನ ಕಾಕಾಗೆ ಫೋನ್ ಮಾಡಿ ಮೂರೇ ವಿಷಯ ಕೇಳಿ. ಗಾಡಿ ಯಾವುದರ ಮೇಲೆ ಓಡುತ್ತದೆ, ದಿನಕ್ಕೆ ಎಷ್ಟು ಕಿಲೋಮೀಟರ್, ಒಂದು ಕೆಜಿಗೆ ಅಥವಾ ಲೀಟರಿಗೆ ಎಷ್ಟು ಓಡುತ್ತದೆ. ಜಗಳದ ದನಿಯಲ್ಲಿ ಅಲ್ಲ, ಮನೆ ಲೆಕ್ಕ ಬರೆಯುವವರ ದನಿಯಲ್ಲಿ.

ಕಾಕಾ ಫೋನಿನಲ್ಲಿ ಹೇಳುವ ಸಂಖ್ಯೆ ಮೇಲೆ ನಂಬಿಕೆ ಬರಲಿಲ್ಲ ಅಂತ ನಾನು ಒಂದು ದಿನ ಮುಂದಿನ ಸೀಟಲ್ಲೇ ಕೂತು ಹೋದೆ. ಬೆಳಿಗ್ಗೆ ಆರಕ್ಕೆ ಮುಂಬೈಯ ಮುಲುಂಡಿನ ಸಿಎನ್‌ಜಿ ಪಂಪ್ ಲೈನಿನಲ್ಲಿ ನಮ್ಮ ಮುಂದೆ ಹದಿನಾಲ್ಕು ರಿಕ್ಷಾ. ಮೀಟರ್ ನೋಡಿ ಬರೆದುಕೊಂಡೆ. ಪಂಪಿನಿಂದ ಮೊದಲ ಮಗುವಿನ ಬಿಲ್ಡಿಂಗಿಗೇ ನಾಲ್ಕು ಕಿಲೋಮೀಟರ್, ಗಾಡಿ ಪೂರ್ತಿ ಖಾಲಿ. ಶಾಲೆಗೆ ಬಿಟ್ಟು ವಾಪಸ್ ಬರುವಾಗಲೂ ಖಾಲಿ. ಈ ಖಾಲಿ ಓಟ ನಮ್ಮ ತಲೆಗೆ ಬರುವುದೇ ಇಲ್ಲ, ನಾವು ಮನೆಯಿಂದ ಶಾಲೆಗೆ ಎಷ್ಟು ದೂರ ಅಂತ ಮಾತ್ರ ಎಣಿಸುತ್ತೇವೆ. ಎಲ್ಲಾ ಸೇರಿ ದಿನಕ್ಕೆ 58 ಕಿಲೋಮೀಟರ್ ಆಯಿತು. ಎಲ್‌ಬಿಎಸ್ ರಸ್ತೆಯ ಟ್ರಾಫಿಕ್ಕಿನಲ್ಲಿ ಕೆಜಿಗೆ ಸಿಕ್ಕಿದ್ದು 14 ಕಿಲೋಮೀಟರ್.

ಈಗ ಲೆಕ್ಕ. ತಿಂಗಳಿಗೆ 22 ದಿನ ಶಾಲೆ ಅಂದರೆ 58 ಗುಣಿಸು 22, ಒಟ್ಟು 1276 ಕಿಲೋಮೀಟರ್. ಅದನ್ನು 14ರಿಂದ ಭಾಗಿಸಿದರೆ ಸುಮಾರು 91 ಕೆಜಿ. ಕೆಜಿಗೆ ಐದು ರೂಪಾಯಿ ಏರಿದರೆ ತಿಂಗಳಿಗೆ ಹೆಚ್ಚುವರಿ ಖರ್ಚು 455. ವ್ಯಾನಿನಲ್ಲಿ ಮಕ್ಕಳು ಒಂಬತ್ತು. ಒಬ್ಬೊಬ್ಬರ ಪಾಲಿಗೆ ಬಂದದ್ದು ಬರೀ 50 ರೂಪಾಯಿ, ಕಾಕಾ ಕೇಳಿದ್ದು 300.

ಡೀಸೆಲ್ ಮಿನಿಬಸ್ ಆದರೂ ಲೆಕ್ಕದ ದಾರಿ ಇದೇ, ಕೆಜಿ ಬದಲು ಲೀಟರ್ ಹಾಕಿ ಅಷ್ಟೆ.

ಆದರೆ ಇಷ್ಟಕ್ಕೇ "ಸಿಕ್ಕಿಬಿದ್ದ ಕಳ್ಳ" ಅಂತ ಕುಣಿಯಬೇಡಿ. ಉಳಿದ 250 ಯಾವುದಕ್ಕೆ ಅಂತ ಕೇಳಿ. ನಮ್ಮ ಕಾಕಾ ಒಂದು ಹಳೇ ಡೈರಿ ತೆಗೆದರು. ವಿಮೆ, ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್, ಎರಡು ಟೈರ್, ಮೂರು ವರ್ಷಕ್ಕೊಮ್ಮೆ ಮಾಡಿಸಲೇಬೇಕಾದ ಗ್ಯಾಸ್ ಸಿಲಿಂಡರಿನ ಹೈಡ್ರೋ ಟೆಸ್ಟ್ (ಒತ್ತಡ ತಡೆಯುತ್ತದೆಯೋ ಅನ್ನುವ ಪರೀಕ್ಷೆ), ಮಕ್ಕಳನ್ನು ಹತ್ತಿಸಿ ಇಳಿಸುವ ಮಾವಶಿಯ ಸಂಬಳ. ಎರಡು ವರ್ಷದಿಂದ ಒಂದು ಪೈಸೆ ಏರಿಸಿರಲಿಲ್ಲ ಪಾಪ. ಎಲ್ಲವನ್ನೂ ಒಟ್ಟಿಗೆ ಸಿಎನ್‌ಜಿ ಹೆಸರಿನಲ್ಲಿ ಕೇಳಿದ್ದೇ ತಪ್ಪಾಗಿತ್ತು. ಕೊನೆಗೆ 120ಕ್ಕೆ ಒಪ್ಪಂದ ಆಯಿತು, ಇಬ್ಬರಿಗೂ ಪೂರ್ತಿ ಖುಷಿ ಇಲ್ಲ.

ಇಲ್ಲೇ ಒಂದು ಕೆಲಸ ಮರೆಯಬೇಡಿ. ದರ ಏರಿದರೆ ಎಷ್ಟು ಏರಿಸಬೇಕು, ಇಳಿದರೆ ಎಷ್ಟು ಇಳಿಸಬೇಕು, ಎರಡನ್ನೂ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಯಾಕೆ ಅಂದರೆ 2022ರ ಏಪ್ರಿಲ್ 1ಕ್ಕೆ ಮಹಾರಾಷ್ಟ್ರ ಸರಕಾರ ಸಿಎನ್‌ಜಿ ಮೇಲಿನ ವ್ಯಾಟ್ ತೆರಿಗೆಯನ್ನು ಶೇಕಡಾ 13.5ರಿಂದ 3ಕ್ಕೆ ಇಳಿಸಿತು. ಮುಂಬೈಯಲ್ಲಿ ಕೆಜಿಗೆ 66 ಇದ್ದದ್ದು 60 ಆಯಿತು. ಯಾವ ವ್ಯಾನಿನವರೂ ಬಾಡಿಗೆ ಇಳಿಸಿದ್ದು ನಾನಂತೂ ಕೇಳಿಲ್ಲ. ಇಳಿಸಲು ಹೊತ್ತೂ ಸಿಗಲಿಲ್ಲ ಬಿಡಿ, ಎರಡೇ ವಾರದಲ್ಲಿ ಅದು 72ಕ್ಕೆ ಹೋಯಿತು. ಡೀಸೆಲ್ ದರವಂತೂ 2017ರ ಜೂನ್‌ನಿಂದ ದಿನದಿನಕ್ಕೂ ಬದಲಾಗಬಹುದು. ಹಾಗಾಗಿ ದಿನದ ದರ ಹಿಡಿದು ಚೌಕಾಸಿ ಮಾಡಬೇಡಿ, ಮೂರು ತಿಂಗಳಿಗೊಮ್ಮೆ ಕೂತು ನೋಡೋಣ ಅಂತ ಬರೆಯಿರಿ. ಮೇ ರಜೆಯ ಬಾಡಿಗೆ ಇದೆಯೋ ಇಲ್ಲವೋ, ಅದನ್ನೂ ಅದೇ ಚೀಟಿಯಲ್ಲಿ. ಅರ್ಧ ಜಗಳ ಹುಟ್ಟುವುದೇ ಮೇ ತಿಂಗಳಲ್ಲಿ.

ಮಾತು ಬಗೆಹರಿಯದಿದ್ದರೆ ಶಾಲೆಗೆ ಹೋಗಿ. ಮಹಾರಾಷ್ಟ್ರದಲ್ಲಿ ಶಾಲಾ ಬಸ್ಸುಗಳಿಗೆಂದೇ 2011ರ ನಿಯಮ ಇದೆ. ಅದರ ಪ್ರಕಾರ ಪ್ರತಿ ಶಾಲೆಯಲ್ಲಿ ಮುಖ್ಯೋಪಾಧ್ಯಾಯರ ಅಧ್ಯಕ್ಷತೆಯಲ್ಲಿ ಒಂದು ಪರಿವಹನ (ಸಾರಿಗೆ) ಸಮಿತಿ ಇರಬೇಕು, ಅದರಲ್ಲಿ ಪಾಲಕರ ಪ್ರತಿನಿಧಿಯೂ ಇರಬೇಕು. ಬಾಡಿಗೆ, ಸ್ಟಾಪು, ಸುರಕ್ಷತೆ ಎಲ್ಲಾ ಅದರ ಕೆಲಸ. ಆಫೀಸಿನಲ್ಲಿ "ಶಾಲೇಯ ಪರಿವಹನ ಸಮಿತಿ" ಅಂತ ಮರಾಠಿಯಲ್ಲೇ ಕೇಳಿ, ಬೇಗ ಅರ್ಥ ಆಗುತ್ತದೆ. ನಾನು ಕೇಳಿದ ಕಡೆ "ಇದೆ, ಇದೆ" ಅಂದರು, ಆದರೆ ಕಳೆದ ಸಭೆ ಯಾವಾಗ ಅಂದರೆ ಮುಖ ಮುಖ ನೋಡಿಕೊಂಡರು. ಒಂದು ಅರ್ಜಿ ಬರೆದು, ನಾಲ್ಕು ಜನ ಸಹಿ ಹಾಕಿ, ಪ್ರತಿಯ ಮೇಲೆ ಶಾಲೆಯ ಸೀಲು ಹಾಕಿಸಿಕೊಂಡು ಬನ್ನಿ.

ಒಂದು ವಿಷಯಕ್ಕೆ ಮಾತ್ರ ಯಾವತ್ತೂ ಒಪ್ಪಬೇಡಿ. "ಬಾಡಿಗೆ ಏರಿಸಲ್ಲ, ಬದಲಿಗೆ ಇನ್ನೂ ಮೂರು ಮಕ್ಕಳನ್ನು ಕೂರಿಸ್ತೀನಿ" ಅನ್ನುವ ಮಾತು. ಕೇಳಲು ಸಿಹಿ, ಆದರೆ ಮಗು ಸಿಲಿಂಡರಿನ ಮೇಲಿನ ಹಲಗೆಯಲ್ಲಿ ಕೂತು ಹೋಗುತ್ತದೆ. ಮಾವಶಿಯನ್ನು ಬಿಡಿಸಿ ದುಡ್ಡು ಉಳಿಸುವುದೂ ಅಷ್ಟೇ.

ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳ ಮನೆಗಳಿಗೆ ಈ ಪೆಟ್ಟು ಜಾಸ್ತಿ. ಮುಂಬೈ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡವೂ ಅದರಲ್ಲಿದೆ. ಆದರೆ ಕನ್ನಡ ಶಾಲೆ ಗಲ್ಲಿಗೊಂದು ಇಲ್ಲವಲ್ಲ. ಶಿಕ್ಷಣ ಹಕ್ಕು ಕಾನೂನಿನ ನಿಯಮದಲ್ಲಿ ಐದನೇ ಕ್ಲಾಸಿನವರೆಗೆ ಒಂದು ಕಿಲೋಮೀಟರ್, ಎಂಟರವರೆಗೆ ಮೂರು ಕಿಲೋಮೀಟರ್ ಒಳಗೆ ಶಾಲೆ ಇರಬೇಕು. ಶಾಲೆ ಇರುತ್ತದೆ, ನಮ್ಮ ಭಾಷೆಯದ್ದಲ್ಲ. ಕೂಲಿ ಮಾಡುವ ಮನೆಯಲ್ಲಿ ತಿಂಗಳಿಗೆ 300 ಅಂದರೆ ಮಗು ಎರಡು ದಿನ ಶಾಲೆ, ಒಂದು ದಿನ ಮನೆ ಅನ್ನುವ ಹಾಗೆ ಆಗುತ್ತದೆ.

ಅಂಥವರು, ಮಕ್ಕಳು ಸ್ವಲ್ಪ ದೊಡ್ಡವರಾಗಿದ್ದರೆ, ವ್ಯಾನ್ ಬಿಟ್ಟು ಪಾಸ್ ಕಡೆ ನೋಡಿ. ಮುಂಬೈಯಲ್ಲಿ ಬೆಸ್ಟ್ ಅನ್ನುವ ಸಿಟಿ ಬಸ್ಸಿಗೆ ವಿದ್ಯಾರ್ಥಿ ಪಾಸ್ ಇದೆ. 2025ರ ಮೇಯಲ್ಲಿ ಬೆಸ್ಟಿನ ಕನಿಷ್ಠ ಟಿಕೆಟ್ 5ರಿಂದ 10 ಆದ ಮೇಲೆ ದಿನಾ ಟಿಕೆಟ್ ತೆಗೆಯುವುದು ದಂಡ. ಪುಣೆಯಲ್ಲಿ ಪಾಲಿಕೆ ಶಾಲೆಯ ಮಕ್ಕಳಿಗೆ ಪಿಎಂಪಿಎಂಎಲ್ ಸಿಟಿ ಬಸ್ಸಿನ ಪಾಸ್ ಉಚಿತ, ಖಾಸಗಿ ಶಾಲೆಯಲ್ಲಿ ಐದರಿಂದ ಹತ್ತನೇ ಕ್ಲಾಸಿನವರು ಕಾಲು ಭಾಗ ಕಟ್ಟಿದರೆ ಸಾಕು, ಮುಕ್ಕಾಲು ಪಾಲಿಕೆ ಕೊಡುತ್ತದೆ. ಊರ ಹೊರಗಿನಿಂದ ಎಸ್‌ಟಿ, ಅಂದರೆ ರಾಜ್ಯ ಸಾರಿಗೆ ಬಸ್ಸಿನಲ್ಲಿ ಬರುವ ಹುಡುಗಿಯರಿಗೆ ಐದರಿಂದ ಹನ್ನೆರಡನೇ ಕ್ಲಾಸಿನವರೆಗೆ ಪಾಸ್ ಪುಕ್ಕಟೆ.

ಲೋಕಲ್ ರೈಲಿನದು ಹೆಚ್ಚು ಜನಕ್ಕೆ ಗೊತ್ತೇ ಇಲ್ಲ. ಮನೆಯಿಂದ ಶಾಲೆಗೆ ಸೆಕೆಂಡ್ ಕ್ಲಾಸಿನ ತಿಂಗಳ ಪಾಸ್ ಹುಡುಗರಿಗೆ ಹನ್ನೆರಡನೆಯವರೆಗೆ, ಹುಡುಗಿಯರಿಗೆ ಡಿಗ್ರಿಯವರೆಗೆ ಉಚಿತ. ಶಾಲೆಯಿಂದ ಕನ್ಸೆಶನ್ ಫಾರಂ ತರಬೇಕು. ಜೂನ್‌ನಲ್ಲಿ ಶಾಲೆ ಶುರುವಾದ ಮೊದಲ ದಿನವೇ ಫಾರಂ ಕೇಳಿ. ಎರಡನೇ ವಾರ ಹೋದರೆ ಕ್ಲಾರ್ಕ್ "ಪುಸ್ತಕ ಮುಗಿದಿದೆ, ಸೋಮವಾರ ಬನ್ನಿ" ಅನ್ನುತ್ತಾರೆ.