ಪಾಸ್‌ಕೋಡ್ ಮರೆತ ಐಪ್ಯಾಡ್ ತೆರೆದದ್ದು ಹೀಗೆ

ಹೋಮ್ ಬಟನ್ ಇರುವ ಹಳೇ ಐಪ್ಯಾಡ್. ತಪ್ಪು ಪಾಸ್‌ಕೋಡ್ ಹಾಕಿ ಹಾಕಿ ಕೊನೆಗೆ ‘ಕನೆಕ್ಟ್ ಟು ಐಟ್ಯೂನ್ಸ್’ (ಆಪಲ್‌ನ ಕಂಪ್ಯೂಟರ್ ಸಾಫ್ಟ್‌ವೇರಿಗೆ ಜೋಡಿಸಿ) ಎಂದು ಲಾಕ್ ಆಯಿತು. ಆಫ್ ಮಾಡಿ ಆನ್ ಮಾಡಿದೆ, ಬ್ಯಾಟರಿ ಪೂರ್ತಿ ಇಳಿಸಿ ನೋಡಿದೆ, ಅದೇ ಪರದೆ.

ಕೆಲಸ ಮಾಡಿದ್ದು ರಿಕವರಿ ಮೋಡ್, ಅಂದರೆ ಕಂಪ್ಯೂಟರ್ ಮೂಲಕ ಐಪ್ಯಾಡ್‌ಗೆ ಸಾಫ್ಟ್‌ವೇರ್ ಮತ್ತೆ ಹಾಕುವ ಸ್ಥಿತಿ. ಕೇಬಲ್ ತೆಗೆದು ಐಪ್ಯಾಡ್ ಪೂರ್ತಿ ಆಫ್ ಮಾಡಿ. ಲ್ಯಾಪ್‌ಟಾಪಿನಲ್ಲಿ ಐಟ್ಯೂನ್ಸ್ ತೆರೆದಿಡಿ. ಹೋಮ್ ಬಟನ್ ಒತ್ತಿ ಹಿಡಿದುಕೊಂಡೇ ಕೇಬಲ್ ಸಿಕ್ಕಿಸಿ. ಸೇಬಿನ ಗುರುತು ಕಂಡ ಕೂಡಲೇ ನಾನು ಬೆರಳು ತೆಗೆಯುತ್ತಿದ್ದೆ, ಎರಡು ಸಲ ಕೆಟ್ಟದ್ದು ಅಲ್ಲೇ. ಕೇಬಲ್ಲಿನ ಚಿತ್ರ ಬರುವವರೆಗೂ ಬಿಡಬಾರದು. ಆಮೇಲೆ ‘ಅಪ್‌ಡೇಟ್’ ಅಲ್ಲ, ‘ರಿಸ್ಟೋರ್’ ಒತ್ತಿ. ಆಗ ಐಟ್ಯೂನ್ಸ್ ಐಪ್ಯಾಡ್‌ನ ಸಾಫ್ಟ್‌ವೇರ್ ಡೌನ್‌ಲೋಡ್ ಮಾಡುತ್ತದೆ; ಅದು 15 ನಿಮಿಷ ಮೀರಿದರೆ ಐಪ್ಯಾಡ್ ಆ ಮೋಡ್‌ನಿಂದ ಹೊರಬರುತ್ತದೆ; ಡೌನ್‌ಲೋಡ್ ಮುಗಿಯಲು ಬಿಟ್ಟು ಇದೇ ಕ್ರಮ ಮತ್ತೆ ಮಾಡಿ.

ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಬ್ಯಾಕಪ್ ಇದ್ದರಷ್ಟೇ ವಾಪಸ್. ಕೊನೆಗೆ ಹಳೇ ಆಪಲ್ ಐಡಿ, ಪಾಸ್‌ವರ್ಡ್ ಕೇಳಬಹುದು, ಮೊದಲೇ ಹುಡುಕಿಟ್ಟುಕೊಳ್ಳಿ.