ಮಾಡಿನ ನೀರು ಹಿತ್ತಿಲ ಬಸಳೆಗೆ

ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಜಾಸ್ತಿ ಮಳೆ. ಆದರೂ ಬದಿಯಡ್ಕ, ಪೆರ್ಲ ಕಡೆ ಬೇಸಿಗೆಯಲ್ಲಿ ಎಷ್ಟೋ ಬಾವಿಗಳ ತಳ ಕಾಣುತ್ತದೆ. ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಗುಡ್ಡದಲ್ಲಿ ನೀರು ಜಾಸ್ತಿ ದಿನ ನಿಲ್ಲುವುದಿಲ್ಲ, ಅಲ್ವಾ? ಹಿತ್ತಿಲ ತರಕಾರಿಗಾದರೂ ಮಾಡಿನ (ಮನೆ ಛಾವಣಿಯ) ನೀರನ್ನು ಹಿಡಿದಿಡೋಣ.

ಮೊದಲು ಲೆಕ್ಕ. ಒಂದು ಚದರ ಮೀಟರ್ ಮಾಡಿನ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. 50 ಚದರ ಮೀಟರ್ ಮಾಡಿಗೆ 20 ಮಿ.ಮೀ. ಮಳೆ ಬಂದರೆ, ಚೆಲ್ಲಿ ಹೋದದ್ದು ಕಳೆದು, ಸುಮಾರು 800 ಲೀಟರ್ ಸಿಗುತ್ತದೆ.

ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ಕೊನೆಯ ವಾರದ ಸುಮಾರಿಗೆ, ಮಾಡಿನ ತರಗೆಲೆ ಗುಡಿಸಿ, ಮಾಡಿನ ಅಂಚಿಗೆ ನೀರು ಹರಿಯುವ ದಂಬೆ ಕಟ್ಟಿ. ಮೀಟರಿಗೆ ಒಂದು ಸೆಂಟಿಮೀಟರ್ ಇಳಿಜಾರು ಸಾಕು.

ಮುಖ್ಯ ಕೆಲಸ ಮೊದಲ ನೀರನ್ನು ಬೇರೆ ಮಾಡುವುದು. ಧೂಳು, ಹಕ್ಕಿ ಹಿಕ್ಕೆ, ಪಕ್ಕದ ತೋಟಕ್ಕೆ ಹೊಡೆದ ಬೋರ್ಡೋ ದ್ರಾವಣದ (ಮೈಲುತುತ್ತು, ಸುಣ್ಣದ ಮದ್ದಿನ) ಹನಿ ಎಲ್ಲ ಅದರಲ್ಲೇ ಇರುತ್ತವೆ. ದಂಬೆಯಿಂದ ಇಳಿಯುವ ಪೈಪಿಗೆ ಟ್ಯಾಂಕಿನ ಬಾಯಿಗಿಂತ ಮೇಲೆ ಒಂದು 'ಟೀ' (ಮೂರು ಬಾಯಿಯ ಪೈಪು ಜೋಡಣೆ) ಹಾಕಿ. ಅದರ ಕೆಳಗೆ ಮೂರು ಮೀಟರ್ ಉದ್ದದ ನಾಲ್ಕಿಂಚು ಪೈಪು ಜೋಡಿಸಿ, ತುದಿಗೆ ಮುಚ್ಚಳ ಹಾಕಿ. ಎತ್ತರ ಸಾಲದಿದ್ದರೆ ಎಲ್ಬೋ ಕೊಟ್ಟು ನೆಲಕ್ಕೆ ಮಲಗಿಸಿ. ಮೊದಲ 25 ಲೀಟರ್ ಕೊಳೆ ನೀರು ಅಲ್ಲಿ ತುಂಬುತ್ತದೆ, ಆಮೇಲಿನದು ಟ್ಯಾಂಕಿಗೆ ಹೋಗುತ್ತದೆ. ಮುಚ್ಚಳದಲ್ಲಿ ಸಣ್ಣ ತೂತು ಮರೆಯಬೇಡಿ. ಪೈಪು ನಿಧಾನಕ್ಕೆ ಖಾಲಿಯಾಗಿ ಮುಂದಿನ ಮಳೆಗೆ ತಯಾರಾಗುತ್ತದೆ. ಇಷ್ಟು ಮಾಡಿದರೂ ಈ ನೀರು ಗಿಡಕ್ಕೆ ಮಾತ್ರ, ಕುಡಿಯಲು ಬೇಡ.

ಸಾವಿರ ಲೀಟರ್ ಅಂದರೆ ಒಂದು ಟನ್ ಭಾರ. ಮುರಕಲ್ಲಿನ ಗಟ್ಟಿ ಕಟ್ಟೆ ಕಟ್ಟಿ, ನಲ್ಲಿಯ ಕೆಳಗೆ ಕೊಡಪಾನ ಹಿಡಿಯುವಷ್ಟು ಎತ್ತರ ಇರಲಿ. ಬಿಸಿಲು ಒಳಹೋಗದ ಕಪ್ಪು ಟ್ಯಾಂಕ್ ಒಳ್ಳೆಯದು, ಪಾಚಿ ಕಡಿಮೆ. ನೀರು ಬರುವ ಬಾಯಿಗೂ ಹೆಚ್ಚಾದದ್ದು ಹೊರಹೋಗುವ ಪೈಪಿಗೂ ಸೊಳ್ಳೆ ಪರದೆ ಬಿಗಿಯಾಗಿ ಕಟ್ಟಿ. ಡೆಂಗಿ ಸೊಳ್ಳೆ ಇಂಥ ನೀರಲ್ಲೇ ಮೊಟ್ಟೆ ಇಡುತ್ತದೆ, ವಾರ ಹತ್ತು ದಿನದಲ್ಲಿ ಹೊಸ ಸೊಳ್ಳೆ ಹಾರುತ್ತದೆ. ತುಂಬಿ ಹರಿದ ನೀರನ್ನು ಸುಮ್ನೆ ಅಂಗಳಕ್ಕೆ ಬಿಡುವ ಬದಲು ಬಾವಿಯಿಂದ ಸ್ವಲ್ಪ ದೂರದ ಇಂಗುಗುಂಡಿಗೆ ತಿರುಗಿಸಿ.

ಜೂನ್ ತಿಂಗಳ ನೀರನ್ನೇ ಬೇಸಿಗೆವರೆಗೆ ಕೂಡಿಡಬೇಕಿಲ್ಲ. ಮಳೆಗಾಲದಲ್ಲಿ ಗಿಡಕ್ಕೆ ನೀರೇ ಬೇಡ. ಸೆಪ್ಟೆಂಬರ್ ಕೊನೆಗೆ ಟ್ಯಾಂಕ್ ಖಾಲಿ ಮಾಡಿ, ತಿಕ್ಕಿ ತೊಳೆದು, ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಗುಡುಗು ಮಳೆಗೆ ತುಂಬಿಸಿ. ಬಸಳೆ, ಅಲಸಂಡೆಯ ಇಪ್ಪತ್ತು ಬುಡಕ್ಕೆ ದಿನಕ್ಕೆ ಎರಡೆರಡು ಲೀಟರ್ ಹಾಕಿದರೆ ಸಾವಿರ ಲೀಟರ್ 25 ದಿನ ಬರುತ್ತದೆ. ಬುಡಕ್ಕೆ ಅಡಿಕೆ ಸಿಪ್ಪೆ ಹರಡಿ ದಿನ ಬಿಟ್ಟು ದಿನ ಹಾಕಿದರೆ 50 ದಿನ.